ಟೇಪ್ ಜಗ್ಗಬ್ಯಾಡ

ಭಾಲ್ಕಿಯಲ್ಲಿ ನಮ್ಮ ಪಕ್ಕದ ಅಂಗಡಿಯ ದರ್ಜಿ ರವಿಕೆ ಹೊಲಿಯುತ್ತಿದ್ದರು. ಪರದೆಯ ಹಿಂದೆ ಹೆಂಗಸರ ಅಳತೆ ತೆಗೆಯುವುದು ಅವರ ಹೆಂಡತಿಯ ಕೆಲಸ. ದರ್ಜಿ ಕತ್ತರಿ ಕೆಳಗಿಡದೆ ಕೂಗುತ್ತಿದ್ದರು: "ಟೇಪ್ ಜಗ್ಗಬ್ಯಾಡ! ಅಳತಿ ಕಮ್ಮಿ ಬರ್ತದ!"

"ಹಂಗಾದ್ರ ನೀವೇ ಬಂದು ಅಳೀರಿ!" ಒಳಗಿನಿಂದ ಉತ್ತರ, ಜೊತೆಗೆ ಹೆಂಗಸರ ನಗು.

ದರ್ಜಿಯ ಬಲಭುಜದ ಮೂಳೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆ ಮೂಳೆ ತೆಗೆದು, ಸ್ಕ್ಯಾನ್ ಅಳತೆಗೆ ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿಸಿದ ಲೋಹದ ಕೀಲು ಕೂಡಿಸುವುದಾಗಿ ಹೈದರಾಬಾದಿನ ವೈದ್ಯರು ಹೇಳಿದರು. ಕೀಲು ಬರುವಷ್ಟರಲ್ಲಿ ಗಡ್ಡೆ ಬೆಳೆದರೆ ಅದು ಹೊಂದದೆ ಹೋಗಬಹುದು ಎಂದೂ ಎಚ್ಚರಿಸಿದರು.

"ರವಿಕಿ ಆದ್ರ ಒಳಗ ಬಟ್ಟಿ ಬಿಟ್ಟಿರ್ತೇನ್ರಿ, ಬಿಚ್ಚಿ ಸಡಿಲ ಮಾಡ್ಬಹುದು. ಲೋಹಕ್ಕ ಏನ್ ಮಾಡ್ಲಿ?" ಎಂದು ನನ್ನನ್ನು ಕೇಳಿದರು.

ಅಂದಿನಿಂದ ದಿನವೂ ಬೆಳಿಗ್ಗೆ ಅಂಗಿ ಬಿಚ್ಚಿ ಕೂರುತ್ತಿದ್ದರು. ಹೆಂಡತಿ ಭುಜದ ಸುತ್ತ ಟೇಪ್ ಹಿಡಿಯುವರು. "ಜಗ್ಗಬ್ಯಾಡ," ಎನ್ನುವರು ಇವರು.

ಕೀಲು ಬಂದಿದೆ ಎಂದು ಆಸ್ಪತ್ರೆಯಿಂದ ಫೋನ್ ಬಂತು. ಅವರು ಹೊರಡುವ ಬೆಳಿಗ್ಗೆ ನಾನೂ ಅಲ್ಲಿದ್ದೆ. ಹೆಂಡತಿ ಹಿಡಿದ ಟೇಪ್ ಭುಜದ ಮಾಂಸದೊಳಗೆ ಹೂತಿತ್ತು.

"ನಿನ್ನಿ ಎಷ್ಟಿತ್ತೋ ಅಷ್ಟೇ ಅದ ನೋಡ್ರಿ," ಎಂದರು ಆಕೆ.

ದರ್ಜಿ ಟೇಪನ್ನು ನೋಡಿದರು, ಹೆಂಡತಿಯ ಮುಖ ನೋಡಿದರು.

"ಅಂಗಿ ಕೊಡು," ಎಂದರು. "ಬಸ್ಸಿಗೆ ಹೊತ್ತಾಯ್ತು."