ಅಟ್ಟಕ್ಕೆ ಹೋದ ಚೀಲ

ಕಾಗದದಲ್ಲಿ ಬರೆದು ಫೋಟೊ ಹಾಕುತ್ತಿದ್ದೇನೆ. ಅಕ್ಷರ ಸೊಟ್ಟ, ತಪ್ಪುಗಳೂ ಇರಬಹುದು, ಬೇಸರಿಸಬೇಡಿ. ನಾನು ಓದಿದ್ದು ಐದನೆಯ ತರಗತಿಯವರೆಗೆ ಮಾತ್ರ.

ನಿನ್ನೆ ಇಲ್ಲಿ ಕೊಲ್ಲಿ ದೇಶದಲ್ಲಿ, ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಡಗಿ ಬಂದು ಕಪಾಟು ಜೋಡಿಸಿದ. ಈ ಸೆಕೆಗೆ ಎಸಿ ಹಾಕಿದ್ದರಿಂದ ಕಿಟಕಿ ತೆರೆಯುವಂತಿಲ್ಲ. ಮರದ ಹುಡಿಯ ವಾಸನೆ ಒಳಗೇ ಉಳಿಯಿತು.

ಊರಲ್ಲಿ ಅಪ್ಪನ ಮರಗೆಲಸದ ಶೆಡ್ ಮನೆಗೆ ತಾಗಿಯೇ ಇತ್ತು. ನನ್ನ ಐದನೆಯ ತರಗತಿ ಮುಗಿದ ಬೇಸಿಗೆ ರಜೆಯಲ್ಲಿ ಅಕ್ಕನ ಮದುವೆ ಮನೆಯಲ್ಲೇ ಆಯಿತು. ಊಟದ ಪಂಕ್ತಿಗೆ ಜಾಗ ಬೇಕೆಂದು ಶೆಡ್ ಖಾಲಿ ಮಾಡಿದೆವು. ಅಪ್ಪ ಏಣಿ ಹತ್ತಿ ಅಡುಗೆಮನೆಯ ಅಟ್ಟಕ್ಕೆ ಸಾಮಾನು ಸೇರಿಸುತ್ತಿದ್ದರು. ಉಳಿ, ಗರಗಸ, ಕೊನೆಗೆ ನನ್ನ ಶಾಲೆಯ ಚೀಲವನ್ನೂ ನಾನೇ ಎತ್ತಿ ಕೊಟ್ಟೆ.

“ಮದುವೆ ಮುಗಿದ ಕೂಡಲೇ ಇಳಿಸಿ ಕೊಡ್ತೇನೆ” ಎಂದರು.

ಮದುವೆ ಮುಗಿಯಿತು. ಉಳಿ, ಗರಗಸ ಇಳಿದವು. ಶಾಲೆ ತೆರೆಯುವ ದಿನ, “ಅಪ್ಪಾ, ನನ್ನ ಚೀಲ?” ಎಂದೆ. ಅಪ್ಪ ತಲೆಯೆತ್ತದೆ ಹಲಗೆ ಕೀಸುತ್ತಲೇ ಇದ್ದರು. ಉತ್ತರ ಕೊಟ್ಟದ್ದು ಅಮ್ಮ: “ಅಕ್ಕ ಹೋದಳಲ್ಲ ಮಾರಾಯ್ತಿ, ಇನ್ನು ಒಲೆಯ ಹತ್ತಿರ ನೀನಲ್ಲದೆ ಯಾರುಂಟು?”

ಏಣಿಯೂ ಶೆಡ್ಡಿಗೆ ಹೋಗಿತ್ತು. ಒಲೆ ಊದುತ್ತ ಅಟ್ಟದ ಹಲಗೆಗಳನ್ನೇ ನೋಡುತ್ತಿದ್ದೆ.

ನಿನ್ನೆ ಕಪಾಟು ಬರುವಾಗ ನನ್ನ ಗಂಡ ಮಗಳ ಶಾಲೆಯ ಚೀಲವನ್ನು ಫ್ರಿಜ್ಜಿನ ಮೇಲೆ ಎತ್ತಿಟ್ಟಿದ್ದರು. ಇವತ್ತು ಬೆಳಿಗ್ಗೆ ಕುರ್ಚಿ ಹತ್ತಿ ಅದನ್ನು ಇಳಿಸಿ, ಅವಳ ಕೈಗೆ ಎಟಕುವಲ್ಲಿ ಇಟ್ಟೆ.