ಹೋತ ಮಾರಬಾರದೆಂಬ ಷರತ್ತು

2014ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನ ಪಾಪಕುರಾದ ನಮ್ಮ ಕನ್ನಡ ಬಳಗವು ಯಾದಗಿರಿ ಕಡೆಯ, ಗುಂಟೆ ಹೊಲವೂ ಇಲ್ಲದ ಹೆಂಗಸೊಬ್ಬಳಿಗೆ ಮೂರು ಆಡು ಕೊಡಿಸಿತು. ಒಂದು ಷರತ್ತಿನ ಮೇಲೆ. ಸಭೆಯ ನಡಾವಳಿ ಬರೆಯುತ್ತಿದ್ದವನು ನಾನು.

ಯೋಜನೆ ಸರಳವಾಗಿತ್ತು. ಹೆಣ್ಣುಮರಿ ಉಳಿಸಿಕೊಂಡು ಗಂಡುಮರಿ ಮಾರಿದರೆ, ಸುಗ್ಗಿ ಮುಗಿದ ಮೇಲೆ ಆಕೆ ಮಗಳನ್ನು ಕಟ್ಟಿಕೊಂಡು ಪುಣೆಗೆ ಗಾರೆ ಕೆಲಸಕ್ಕೆ ಹೋಗಬೇಕಿರಲಿಲ್ಲ. ಹೋಗದಿದ್ದರೆ ಮಗಳ ಏಳನೆಯ ತರಗತಿ ಉಳಿಯುತ್ತಿತ್ತು.

ಆಡು ಕೊಳ್ಳುವ ಹಣ ಸಾಸೇಜಿನಿಂದ ಬಂದಿತ್ತು. ಹಾರ್ಡ್‌ವೇರ್ ಅಂಗಡಿಯ ಮುಂದೆ ಒಂದು ಶನಿವಾರ ಬಳಗದಲ್ಲಿ ಇಲ್ಲೇ ಓದಿ ನೆಲೆಸಿದವರು ಮಾಂಸದ ಸಾಸೇಜ್ ಸುಟ್ಟು ಮಾರಿದರು. ಹುಬ್ಬಳ್ಳಿಯ ಆಂಟಿಯೊಬ್ಬರು ನಾಲ್ಕು ಹೆಜ್ಜೆ ದೂರ ಕುಳಿತು ಈರುಳ್ಳಿ ಹೆಚ್ಚಿಕೊಟ್ಟರು. ಮುಂದಿನ ಸಭೆಯಲ್ಲಿ ಪ್ರಶ್ನೆ ಎತ್ತಿದವರೂ ಅವರೇ.

"ಗಂಡುಮರಿ ಯಾರಿಗೆ ಮಾರತಾಳ್ರೀ ಆಕಿ?"

"ಕಟುಕರಿಗೆ ಆಂಟಿ, ಇನ್ಯಾರ್ ತಗೋತಾರೆ?" ಎಂದರು ಮೈಸೂರಿನ ಇಂಜಿನಿಯರ್.

"ಅಯ್ಯ ಶಿವನ! ನಾವು ಕೊಟ್ಟ ಆಡು ಕಟುಕರ ಅಂಗಡ್ಯಾಗ?"

"ಶನಿವಾರ ನಾವ್ ಮಾರಿದ್ದು ಬದನೆಕಾಯಿ ಅಲ್ವಲ್ಲ ಆಂಟಿ."

"ಅದು ಇಲ್ಲಿ ನ್ಯೂಜಿಲೆಂಡ್ ಮಂದಿಗಪಾ. ಇದು ದಾನ."

ಗಂಡುಮರಿಗಳನ್ನು ಮಾಂಸಕ್ಕೆ ಮಾರತಕ್ಕದ್ದಲ್ಲ ಎಂದು ಠರಾವಾಯಿತು. ಅಷ್ಟರಲ್ಲಿ ಊಟ ಬಂದಿದ್ದರಿಂದ ಯಾರೂ ವಿರೋಧಿಸಲಿಲ್ಲ.

ಮರುವರ್ಷ ಸಂಕ್ರಾಂತಿಯ ಹೊತ್ತಿಗೆ ಐದು ಗಂಡುಮರಿ ಬೆಳೆದು ನಿಂತಿದ್ದವು. ಕೂಲಿಯವರನ್ನು ಒಯ್ಯುವ ಮೇಸ್ತ್ರಿಯ ಲಾರಿ ಬರಲು ಹದಿನೈದು ದಿನವಿತ್ತು. ನಮ್ಮ ಪರವಾಗಿ ಆಡು ಕೊಂಡುಕೊಟ್ಟಿದ್ದ ಆ ಊರಿನ ಕಾರ್ಯಕರ್ತೆ ಸಭೆಗೆ ವಿಡಿಯೋ ಕರೆ ಮಾಡಿ ಫೋನನ್ನು ಆಕೆಯ ಕೈಗಿತ್ತಳು.

"ಯಕ್ಕಾರ, ಹೋತ ಹಾಲು ಕೊಡಾಂಗಿಲ್ರಿ. ಹಾಲು ಕೊಡೋವಕ್ಕ ಹಾಕಿದ ಮೇವೂ ಅವ ತಿಂತಾವ. ಮಾರ್ಲೇನ್ರಿ?"

"ಸಾಕಾಕ ಯಾರರ ಕೇಳಿದ್ರ ಕೊಡವಾ," ಎಂದರು ಆಂಟಿ.

"ಹೋತ ಸಾಕವ್ರು ನಿಮ್ಮೂರಾಗ ಅದಾರೇನ್ರಿ?"

ಇದರ ಅಧ್ಯಯನಕ್ಕೆ ಮೂವರ ಉಪಸಮಿತಿಯಾಯಿತು. ಇಲ್ಲಿ ಜನವರಿಯೆಂದರೆ ಬೇಸಿಗೆ ರಜೆಯಾದ್ದರಿಂದ ಮೂವರೂ ಕಡಲತೀರದ ರಜಾಮನೆಯೊಂದರಲ್ಲಿದ್ದರು. ಅಲ್ಲಿಂದ ಬಾರ್ಬೆಕ್ಯೂ ಫೋಟೋಗಳು ಬಂದವು, ವರದಿ ಬರಲಿಲ್ಲ.

ಲಾರಿ ಬಂದು ಆಕೆಯನ್ನೂ ಮಗಳನ್ನೂ ಊರಲ್ಲೇ ಬಿಟ್ಟು ಹೋಯಿತು. ಅದರ ಹಿಂದಿನ ಸಂತೆಯಲ್ಲಿ ಆಕೆ ಐದೂ ಹೋತಗಳನ್ನು ಕಟುಕರಿಗೆ ಮಾರಿದ್ದಳೆಂದು ಕಾರ್ಯಕರ್ತೆ ತಿಳಿಸಿದಳು.

ಏಪ್ರಿಲ್ ಸಭೆಯಲ್ಲಿ, ಷರತ್ತು ಮುರಿದ ಕಾರಣಕ್ಕೆ ಆಕೆಯನ್ನು ಫಲಾನುಭವಿಗಳ ಪಟ್ಟಿಯಿಂದ ಕೈಬಿಡಲಾಯಿತು. ಆ ಠರಾವನ್ನು ಬರೆದವನೂ ನಾನೇ. ಜೂನ್‌ನಲ್ಲಿ ಮಗಳು ಎಂಟನೆಯ ತರಗತಿಗೆ ಸೇರಿದಳು.