ಓದುವ ಮೊದಲೇ ಅಳಿಸಿದ ಕೋಡ್

ನನ್ನ ಹಳೆ ಕಾರಿನ ಎಂಜಿನ್ ಎಚ್ಚರಿಕೆ ದೀಪ ಹತ್ತಿಕೊಂಡಿತ್ತು. ಮರುದಿನ ಅದರಲ್ಲೇ ಜಗಳೂರಿಗೆ ಹೋಗಬೇಕು. ಏನು ಕೆಟ್ಟಿದೆ ಎಂದು ನಾನೇ ತಿಳಿದು ಸರಿಮಾಡಲು, ಎಂಜಿನ್ ದಾಖಲಿಸಿಟ್ಟ ದೋಷದ ಕೋಡ್ ಓದಿ ತೋರಿಸುವ ಕೋಡ್ ರೀಡರ್ ಕೊಳ್ಳೋಣವೆಂದು ಅದೇ ಕಾರಿನಲ್ಲಿ ಚನ್ನಗಿರಿಗೆ ಹೋದೆ.

"ಯಜಮಾನ್ರನ್ನ ಕಳಸ್ರಿ ಅಕ್ಕಾ, ಇದು ನಿಮಗೆ ತಿಳಿಯಾಕಿಲ್ಲ," ಎಂದ ಅಂಗಡಿಯವನು.

"ಕಾರು ನಂದು, ಪಾನಾ ಹಿಡಿಯೋ ಕೈನೂ ನಂದು. ಕೋಡ್ ಜೊತೆ ಅದರ ಅರ್ಥನೂ ತೋರಿಸೋದು ಯಾವುದೈತೆ, ಅದನ್ನ ಕೊಡಪ್ಪ."

ಒಂದನ್ನು ತಂದು ನನ್ನ ಕಾರಿನ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದ. ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಅಳಿಸುವ ಗುಂಡಿ ಒತ್ತಿಯೇಬಿಟ್ಟ. ದೀಪ ಆರಿತು.

"ನೋಡ್ರಿ, ಗಾಡಿ ರಿಪೇರಿ ಆತು!"

"ಕೋಡ್ ಅಳಿಸಿದೆಯಲ್ಲೋ! ರೋಗಿ ಬಾಯಿ ಮುಚ್ಚಿಸಿದ್ರೆ ಜ್ವರ ಇಳೀತೈತೇನು?"

ಹಟಕ್ಕೆ ಅದನ್ನೇ ಕೊಂಡೆ; ಇನ್ನು ದೀಪ ಮತ್ತೆ ಹತ್ತಿದರಷ್ಟೇ ಅದಕ್ಕೆ ಓದಲು ಕೋಡ್ ಸಿಗುವುದು. ಮರುದಿನ ದಾರಿಯುದ್ದಕ್ಕೂ, ಎಂಜಿನ್ ದೀಪ ಹತ್ತಲಪ್ಪಾ ಎಂದು ಹರಕೆ ಹೊತ್ತು ಕಾರು ಓಡಿಸಿದವಳು ನಾನೊಬ್ಬಳೇ ಇರಬೇಕು.